ಮೂಲೆಯ ಹಸಿರು ಎಲೆ

ಮಾರ್ಚ್ ೩

ಪ್ರೀತಿಯ ಗಡಿಬಿಡಿಗೆ,

ನಿನ್ನ ಪೆಟ್ಟಿಗೆ ಬಂದು ತಲುಪಿತು. ಕೊರಿಯರ್‌ನವನು ಬಾಗಿಲಲ್ಲೇ ಇಟ್ಟು ಮಾಯವಾದ, ನಾನೇ ಎಡಗೈಯಲ್ಲಿ ಎಳೆದುಕೊಂಡು ಒಳಗೆ ತಂದೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಿನ್ನ ಅಂಗಡಿಯಲ್ಲಿ ಹತ್ತು ಗೇಮಿನ ಯಂತ್ರಗಳು ಒಟ್ಟಿಗೆ ಅರಚುತ್ತಿರುತ್ತವೆ. ನಾನು ಒಂದು ಮಾತು ಹೇಳಿದರೆ ನೀನು ‘ಹಾಂ? ಹಾಂ?’ ಎಂದು ಮೂರು ಸಲ ಕೇಳುತ್ತೀ. ಅವುಗಳನ್ನು ಬಿಚ್ಚಿ ರಿಪೇರಿ ಮಾಡುವ ನಿನಗೆ ಆ ಗದ್ದಲ ಸಂಗೀತವಿರಬಹುದು, ನನಗಲ್ಲ. ಅದಕ್ಕೇ ಈ ಕಾಗದ.

ಮಣಿಕಟ್ಟು ಮುರಿದ ಅಕ್ಕನಿಗೆ ಯಾರಾದರೂ ಹಣ್ಣು ಕಳಿಸುತ್ತಾರೆ, ನೀನು ಯುದ್ಧ ಕಳಿಸಿದ್ದೀ. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಹಿಸುಕಿ ಹಿಸುಕಿ ಬೇಜಾರಾಗಿದೆ ಎಂದು ನಾನು ಬರೆದದ್ದು ನಿಜ. ಹೆಬ್ಬೆರಳಿಗೂ ತೋರುಬೆರಳಿಗೂ ಕೆಲಸ ಬೇಕು ಎಂದದ್ದೂ ನಿಜ. ಅದಕ್ಕೆ ಇದೇ? ನೀನು ಕಳಿಸಿದ ಗೇಮಿನ ಯಂತ್ರವನ್ನು ಟಿವಿಗೆ ಸಿಕ್ಕಿಸಿ, ರಿಮೋಟು ಹಿಡಿದು ಕೂತೆ. ಕೆಂಪು ಚೆಂಬಿನಂಥ ಒಂದು ಸಣ್ಣ ವಿಮಾನ. ಏಳು ಮಹಡಿ ಆಳದ ಬಾವಿಯೊಳಗೆ ಇಳಿಯಬೇಕಂತೆ. ಮೊದಲನೆಯ ಕೋಣೆಯಲ್ಲಿ ನಾಲ್ಕು ದಿಕ್ಕಿನಿಂದ ಗುಂಡು ಬಂತು, ಸತ್ತೆ. ಸತ್ತರೆ ಮತ್ತೆ ಮೇಲಿಂದ ಶುರು, ಅದೂ ಕೋಣೆಗಳೆಲ್ಲ ಅದಲುಬದಲಾಗಿ! ಇದನ್ನು ಮಾಡಿದವನು ಯಾರು? ಅವನ ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ?

ನನ್ನ ವಿಷಯ ಕೇಳಿದ್ದೀಯಲ್ಲ, ಹೇಳಿಬಿಡುತ್ತೇನೆ. ಕೆಲಸ ಬಿಟ್ಟದ್ದು ಕೈನೋವಿಗಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾಲ್ಕು ತಿಂಗಳು ಬೆಂಚಿನಲ್ಲಿ ಕೂತು ವಾಚು ರಿಪೇರಿ ಮಾಡಿದೆ. ಒಂದೂ ವಾಪಸ್ಸು ಬರಲಿಲ್ಲ. ಕೈ ಸರಿಹೋಯಿತು ಎಂದು ಬೀಗುತ್ತಿದ್ದೆ. ಒಂದು ಸಂಜೆ ಛತ್ರಿ ಮರೆತು ಅಂಗಡಿಗೆ ಮರಳಿದರೆ, ನಮ್ಮ ಬ್ಯಾಟರಿ ಹಾಕುವವನು ನಾನು ರಿಪೇರಿ ಮಾಡಿ ಮುಚ್ಚಿಟ್ಟ ವಾಚುಗಳನ್ನು ಒಂದೊಂದಾಗಿ ಬಿಚ್ಚಿ ಸರಿಮಾಡುತ್ತಿದ್ದ. ಅಂಗಡಿಯ ಯಜಮಾನರು ಪಕ್ಕದಲ್ಲಿ ನಿಂತಿದ್ದರು. “ನಿಮಗೆ ಬೇಜಾರಾಗಬಾರದು ಅಂತ...” ಎಂದರು. ಇಪ್ಪತ್ತೊಂಬತ್ತು ವರ್ಷ ಆ ಬೆಂಚಿನಲ್ಲಿ ಕೂತವಳು ನಾನು. ನಾಲ್ಕು ತಿಂಗಳು ನನ್ನನ್ನು ಮಗುವಿನಂತೆ ಆಡಿಸಿದರು. ಮಾರನೆಯ ದಿನದಿಂದ ಹೋಗಲಿಲ್ಲ.

ನಿನಗಲ್ಲದೆ ಇದನ್ನು ಯಾರಿಗೂ ಹೇಳಿಲ್ಲ. ನೀನು ಬಾಯಿಬಡುಕಿ, ಗಡಿಬಿಡಿ, ಆದರೆ ಏನಿದ್ದರೂ ನನ್ನ ಮುಖದ ಮೇಲೆ ಹೇಳುವವಳು. ಅಷ್ಟು ಸಾಕು ನನಗೆ.

ಇಂತಿ,
ನಿನ್ನ ಅಕ್ಕ


ಮಾರ್ಚ್ ೧೧

ಅಕ್ಕಾ,

ಮೊದಲನೆಯದಾಗಿ, ಅದು ರಿಮೋಟಲ್ಲ, ಕಂಟ್ರೋಲರ್. ಎರಡನೆಯದಾಗಿ, ಮೊದಲ ಕೋಣೆಯಲ್ಲಿ ಎಲ್ಲರೂ ಸಾಯುತ್ತಾರೆ. ನಾನು ಹದಿನಾಲ್ಕು ಸಲ ಸತ್ತೆ. ನನ್ನ ಅಂಗಡಿಗೆ ಬರುವ ಒಬ್ಬ ಲಾಯರು ಇದೇ ಆಟದಲ್ಲಿ ಸತ್ತು ಸತ್ತು ಕಂಟ್ರೋಲರನ್ನು ಗೋಡೆಗೆ ಹೊಡೆದು, ಈಗ ನನ್ನ ಹತ್ತಿರವೇ ರಿಪೇರಿಗೆ ತಂದಿದ್ದಾರೆ. ಸೋಲುವುದೇ ಈ ಆಟದ ಪಾಠ ಎಂದುಕೋ.

ಒಂದು ಗುಟ್ಟು ಹೇಳುತ್ತೇನೆ. ಗುಂಡುಗಳನ್ನು ನೋಡಬೇಡ, ಗುಂಡುಗಳ ನಡುವಿನ ಖಾಲಿ ಜಾಗ ನೋಡು. ಬಲಗಡೆಯ ಕೆಳಗಿನ ಗುಂಡಿ ಒತ್ತಿದರೆ ನಿನ್ನ ಚೆಂಬು ಪಲ್ಟಿ ಹೊಡೆಯುತ್ತದೆ. ಆ ಅರೆಗಳಿಗೆ ಯಾವ ಗುಂಡೂ ತಾಗುವುದಿಲ್ಲ. ದಾರಿಯಲ್ಲಿ ಸಿಗುವ ಬೀಗದಕೈಗಳನ್ನು ಬಿಡಬೇಡ. ಸತ್ತರೂ ಅವು ನಿನ್ನ ಹತ್ತಿರವೇ ಉಳಿಯುತ್ತವೆ, ಹೊಸ ಬಂದೂಕು ತೆರೆದುಕೊಡುತ್ತವೆ.

ಯಜಮಾನರ ವಿಷಯ ಓದಿ ಮೈ ಉರಿಯಿತು. ನಾನಿದ್ದಿದ್ದರೆ ಆ ಬ್ಯಾಟರಿಯವನ ಚಿಮಟ ಕಿತ್ತು ಬೀದಿಗೆ ಎಸೆಯುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದವರು ಎದುರಿಗೆ ಹೇಳುವುದು ಬಿಟ್ಟು ಹಿಂದಿನಿಂದ ಇದೇನು ಕೆಲಸ! ಚೆನ್ನಾಗಿ ಮಾಡಿದೆ, ಬಿಟ್ಟು ಬಂದದ್ದು. ಏಪ್ರಿಲ್ ಮೊದಲ ವಾರ ಆ ಕಡೆ ಹಳೆ ಯಂತ್ರ ಕೊಳ್ಳಲು ಬರುತ್ತೇನೆ.

ನಿನ್ನ,
ಗಡಿಬಿಡಿ


ಮಾರ್ಚ್ ೨೯

ಪ್ರೀತಿಯ ಗಡಿಬಿಡಿಗೆ,

ಇವತ್ತಿಗೆ ಎಪ್ಪತ್ತೆರಡು ಸಲ ಸತ್ತೆ. ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೇನೆ.

ನಗಬೇಡ, ನನಗೆ ಇದರ ಹುಚ್ಚು ಹಿಡಿದಿದೆ. ಬೆಳಿಗ್ಗೆ ಕಾಫಿ ಕುಡಿದ ಲೋಟ ತೊಳೆಯುವ ಮೊದಲೇ ಕೂರುತ್ತೇನೆ. ಮೊನ್ನೆ ಒಂದು ಬಂದೂಕು ಸಿಕ್ಕಿತು, ಸೋಪಿನ ಗುಳ್ಳೆ ಬಿಡುತ್ತದೆ. ಇದೆಂಥ ಆಯುಧ ಎಂದು ಬೈದುಕೊಂಡೇ ಹೋದೆ. ನೋಡಿದರೆ ಆ ಗುಳ್ಳೆಗಳು ಶತ್ರುಗಳ ಗುಂಡನ್ನೇ ನುಂಗಿಬಿಟ್ಟವು! ಎರಡನೆಯ ಮಹಡಿ ಮುಟ್ಟಿದೆ. ಖುಷಿಗೆ ಎದ್ದು ನಿಂತೆ, ನಿಂತದ್ದಕ್ಕೇ ಸತ್ತೆ. ಇನ್ನೊಂದು ಬಂದೂಕು ಹಿಂದಕ್ಕೆ ಹಾರಿಸುತ್ತದೆ. ಅದನ್ನು ಹಿಡಿದು ಶತ್ರುವಿಗೆ ಬೆನ್ನು ಹಾಕಿ ಓಡುತ್ತಾ ಹೋರಾಡಬೇಕು. ಇಷ್ಟು ವಯಸ್ಸಿಗೆ ನಾನು ಒಬ್ಬಳೇ ಮನೆಯಲ್ಲಿ ಕೂತು ಗಟ್ಟಿಯಾಗಿ ನಕ್ಕೆ.

ಇದು ಯಾಕೆ ಹಿಡಿಸಿತು ಎಂದು ಯೋಚಿಸಿದೆ. ಈ ಆಟಕ್ಕೆ ನನ್ನ ಮೇಲೆ ಒಂದಿಷ್ಟೂ ಕನಿಕರವಿಲ್ಲ. ನನ್ನ ವಯಸ್ಸು ಅದಕ್ಕೆ ಗೊತ್ತಿಲ್ಲ, ಮೂಳೆ ಕೂಡಿಸಲು ಡಾಕ್ಟರು ನನ್ನ ಕೈಯೊಳಗೆ ಹಾಕಿದ ಕಬ್ಬಿಣದ ಪಟ್ಟಿ ಗೊತ್ತಿಲ್ಲ. ಬೆರಳು ತಡವಾದರೆ ಕೊಲ್ಲುತ್ತದೆ, ಸರಿಯಾದರೆ ಬಿಡುತ್ತದೆ. ಪ್ಲಾಸ್ಟರ್ ಬಿಚ್ಚಿದಾಗಿನಿಂದ ನನ್ನ ಕೈಯ ಬಗ್ಗೆ ನನಗೆ ನಿಜ ಹೇಳಿದ್ದು ಇದೊಂದೇ.

ಯಜಮಾನರು ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಕ್ಷಮೆ ಕೇಳಿದರು. ಆಮೇಲೆ, “ಬೆಂಚನ್ನ ಎಷ್ಟು ದಿನ ಖಾಲಿ ಇಡೋದು ಹೇಳಿ? ಜುಲೈ ಒಂದಕ್ಕೆ ಬನ್ನಿ. ನನ್ನೆದುರು ಕೂತು ಒಂದು ವಾಚು ಬಿಚ್ಚಿ ಜೋಡಿಸಿ ತೋರಿಸಿ. ಆಗದಿದ್ರೆ ಬೇರೆಯವರನ್ನ ತಗೋತೀನಿ” ಎಂದರು. ಅವರು ಹಾಗೆ ಖಡಾಖಂಡಿತವಾಗಿ ಹೇಳಿದ್ದು ನನಗೆ ಹಿಡಿಸಿತು. ಒಪ್ಪಿದೆ.

ನಾನೊಂದು ಲೆಕ್ಕ ಹಾಕಿಕೊಂಡಿದ್ದೇನೆ. ಈ ಬಾವಿಯ ಏಳು ಮಹಡಿ ಇಳಿಯಬಲ್ಲ ಕೈ, ವಾಚಿನೊಳಗಿನ ಕೂದಲೆಳೆಯಂಥ ಸುರುಳಿ ಹೇರ್‌ಸ್ಪ್ರಿಂಗನ್ನೂ ಕೂರಿಸಬಲ್ಲದು. ಇಳಿಯದಿದ್ದರೆ ನಾನೇ ಹೋಗುವುದಿಲ್ಲ. ನಿನ್ನೆ ಮಾತ್ರ ಹೆಬ್ಬೆರಳು ಒಂದು ಗಂಟೆ ಮಡಚಲೇ ಇಲ್ಲ. ಸ್ವಲ್ಪ ಅತ್ತೆ. ಇರಲಿ ಬಿಡು.

ಮುಂದಿನ ವಾರ ಈ ಕಡೆ ಹಳೆ ಯಂತ್ರ ಕೊಳ್ಳಲು ಬರುತ್ತೇನೆ ಎಂದಿದ್ದೆಯಲ್ಲ, ಒಂದು ದಿನವಾದರೂ ಉಳಿದುಕೋ.

ಇಂತಿ,
ನಿನ್ನ ಅಕ್ಕ


ಏಪ್ರಿಲ್ ೨೦

ಪ್ರೀತಿಯ ಗಡಿಬಿಡಿಗೆ,

ನಿನ್ನ ಕಾಲ್ಗುಣ ಕಣೇ! ನೀನು ಬಂದು ಹೋದ ಮಾರನೆಯ ದಿನದಿಂದಲೇ ಶುರುವಾಯಿತು. ಮೂರನೆಯ ಮಹಡಿಯಲ್ಲಿ ಒಂದು ಗೂಬೆ ಇದೆ ನೋಡು, ತಲೆ ಸುತ್ತಾ ತಿರುಗಿಸಿ ಗುಂಡು ಉಗುಳುತ್ತದಲ್ಲ, ಅದನ್ನು ಹೊಡೆದುಹಾಕಿದೆ. ನಾಲ್ಕನೆಯ ಮಹಡಿ ದಾಟಿದೆ. ಐದನೆಯದರಲ್ಲಿ ಎರಡು ಸಲ ನಿಂತು ಹೋರಾಡಿ ಸತ್ತೆ. ನೀನು ಇದ್ದಾಗ ಎರಡನೆಯದರಲ್ಲೇ ಒದ್ದಾಡುತ್ತಿದ್ದವಳು ನಾನೇನಾ ಎನಿಸುತ್ತದೆ.

ಏನಾಗಿದೆ ಗೊತ್ತೇ? ಗುಂಡುಗಳು ನನ್ನ ಕಣ್ಣಿಗೆ ನಿಧಾನವಾಗಿ ಕಾಣುತ್ತಿವೆ. ಇದು ನನಗೆ ಹೊಸದಲ್ಲ. ಕೆಲಸ ಕಲಿಯುವಾಗ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ವಾಚಿನೊಳಗೆ ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರ ನೋಡಿದರೆ ಬರೀ ಮಬ್ಬು. ಒಂದು ವರ್ಷ ಆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅದು ನಿಧಾನವಾಗಿ, ನನಗೆ ಹೇಳಿಕೊಂಡೇ ತಿರುಗುತ್ತಿದೆಯೇನೋ ಎಂಬಂತೆ ಕಂಡಿತು. ನನ್ನ ಗುರುಗಳು ಆಗ “ಇನ್ನು ನಿನಗೆ ಕೆಲಸ ಬಂತು” ಎಂದಿದ್ದರು. ಅದೇ ಈಗ ಮತ್ತೆ ಆಗಿದೆ. ಮೂವತ್ತು ವರ್ಷದ ಹಿಂದಿನ ಆ ದಿನ ಎರಡನೆಯ ಸಲ ಸಿಕ್ಕಿದರೆ ಹೇಗಿರುತ್ತದೆ ಹೇಳು!

ಪರದೆಯ ಮೂಲೆಯಲ್ಲಿ ಒಂದು ಸಣ್ಣ ಹಸಿರು ಎಲೆ ಬಂದಿದೆ. ಮೊದಲು ಇರಲಿಲ್ಲ. ಪದಕದ ಹಾಗೆ ಏನಾದರೂ ಇರಬೇಕು ಅಲ್ಲವೇ? ಅಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದುವ ತಾಳ್ಮೆ ನನಗಿಲ್ಲ. ನಿನಗೆ ಗೊತ್ತಿರುತ್ತದೆ, ಬರಿ.

ಇಂತಿ,
ನಿನ್ನ ಅಕ್ಕ


ಏಪ್ರಿಲ್ ೩೦

ಅಕ್ಕಾ,

ಕಾಗದ ತಡವಾಯಿತು. ಅಂಗಡಿಯಲ್ಲಿ ಕೈತುಂಬಾ ಕೆಲಸ.

ನಾಲ್ಕನೆಯ ಮಹಡಿ ದಾಟಿದ್ದು ಕೇಳಿ ಸಂತೋಷವಾಯಿತು. ಎಲೆಯ ಬಗ್ಗೆ ಕೇಳಿದ್ದೀ. ಹೌದು, ಚೆನ್ನಾಗಿ ಆಡುವವರಿಗೆ ಬರುತ್ತದೆ. ಅದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಡ, ಆಡುತ್ತಾ ಹೋಗು. ಚೆಂಡಿನ ವ್ಯಾಯಾಮವನ್ನೂ ಬಿಡಬೇಡ. ಜುಲೈಗೆ ಇನ್ನೂ ಸಮಯವಿದೆ, ಆತುರಪಡಬೇಡ.

ನಿನ್ನ,
ಗಡಿಬಿಡಿ


ಮೇ ೨೫

ಗೆದ್ದೆ ಕಣೇ ಗಡಿಬಿಡಿ!

ಏಳನೆಯ ಮಹಡಿ. ನೂರ ತೊಂಬತ್ತಾರನೆಯ ಸಲ. ಕೊನೆಯಲ್ಲಿ ಇಡೀ ಪರದೆ ತುಂಬುವ ಗಂಟೆಯಂಥ ರಾಕ್ಷಸ, ಒಂದೊಂದು ಬಡಿತಕ್ಕೂ ಸುತ್ತಲೂ ಗುಂಡು. ನಾನು ಬಡಿತ ಎಣಿಸಿದೆ. ಐದು ಬಡಿದು ಒಂದು ಬಿಡುವು, ಮತ್ತೆ ಐದು. ಗಡಿಯಾರದವಳ ಎದುರಿಗೆ ಗಂಟೆ ಬಾರಿಸಿದರೆ ಬಿಡುತ್ತೇನೆಯೇ? ಆ ಬಿಡುವಿನಲ್ಲೇ ನುಗ್ಗಿ ನುಗ್ಗಿ ಹೊಡೆದೆ. ಅದು ಒಡೆದು ಚೂರಾಯಿತು. ಬಾವಿಯ ತಳದಲ್ಲಿ ಬೆಳಕು ಬಂತು.

ಹತ್ತು ನಿಮಿಷ ಸುಮ್ಮನೆ ಕೂತೆ. ಆಮೇಲೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸವರಿದೆ. ಅದಕ್ಕೆ ಎಷ್ಟು ಬೈದಿದ್ದೆ ಪಾಪ.

ಮಧ್ಯಾಹ್ನವೇ ಅಂಗಡಿಗೆ ಹೋದೆ. “ಜುಲೈ ತನಕ ಯಾಕೆ, ಈಗಲೇ ಒಂದು ಕೊಡಿ. ಮನೆಯಲ್ಲಿ ಮಾಡಿ ತರ್ತೀನಿ” ಎಂದೆ. ಬ್ಯಾಟರಿಯವನ ಕಡೆ ತಿರುಗಿ, “ಇದನ್ನ ಯಾರೂ ಮುಟ್ಟೋ ಹಾಗಿಲ್ಲ” ಎಂದೆ. ಅವನು ತಲೆ ತಗ್ಗಿಸಿದ. ಯಜಮಾನರು ಅನುಮಾನಿಸುತ್ತಲೇ ಲೈಬ್ರರಿಯ ಮೇಡಂ ಕೊಟ್ಟಿದ್ದ ವಾಚು ತೆಗೆದರು. ತೀರಿಕೊಂಡ ಅವರ ಗಂಡನದು. ಇದನ್ನು ನಾನೇ ಮಾಡಬೇಕು ಎಂದು ನಾನು ಕೆಲಸ ಬಿಟ್ಟಾಗಿನಿಂದ ಅವರು ಕಾಯುತ್ತಿದ್ದಾರೆ. ಈಗ ನನ್ನ ಮೇಜಿನ ಮೇಲೆ, ಗಾಜಿನ ಮುಚ್ಚಳದಡಿ ಇದೆ. ನಾಳೆ ಬಿಚ್ಚುತ್ತೇನೆ.

ನಿನ್ನನ್ನು ಬಾಯಿತುಂಬಾ ಬೈದಿದ್ದೆ, ಈಗ ಬಾಯಿತುಂಬಾ ಹರಸುತ್ತೇನೆ.

ಇಂತಿ,
ನಿನ್ನ ಗೆದ್ದ ಅಕ್ಕ


ಜೂನ್ ೨

ತಂಗಿಗೆ,

ಲೈಬ್ರರಿಯ ಮೇಡಂನ ವಾಚು ಹಾಳಾಯಿತು. ಹೇರ್‌ಸ್ಪ್ರಿಂಗ್ ಎತ್ತುವಾಗ ಚಿಮಟ ಜಾರಿ, ಸುರುಳಿ ಸುಕ್ಕಾಗಿ ಹೋಯಿತು. ಸರಿಮಾಡಲು ಹೋಗಿ ಮುರಿದೆ. ಆ ವಾಚು ತಯಾರಿಸುವುದು ನಿಂತು ಎಷ್ಟೋ ಕಾಲವಾಗಿದೆ, ಬೇರೆ ಸ್ಪ್ರಿಂಗ್ ಎಲ್ಲೂ ಸಿಗುವುದಿಲ್ಲ. ಮೂರು ದಿನ ನನಗೆ ಅರ್ಥವೇ ಆಗಲಿಲ್ಲ. ಏಳು ಮಹಡಿ ಇಳಿದ ಕೈ ಇಷ್ಟಕ್ಕೆ ಹೇಗೆ ನಡುಗಿತು ಎಂದು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ನಿನ್ನೆ ಮೇಲಿನ ಮನೆಯ ನರ್ಸ್ ಬಂದಿದ್ದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಇದೇ ಆಟ ಆಡುತ್ತಾಳಂತೆ, ನನಗೆ ಗೊತ್ತೇ ಇರಲಿಲ್ಲ. ಒಂದು ಕೈ ನೋಡುತ್ತೇನೆ ಎಂದು ಕಂಟ್ರೋಲರ್ ತೆಗೆದುಕೊಂಡಳು.

“ಆಂಟಿ, ಗುಂಡು ಯಾಕೆ ಇಷ್ಟು ನಿಧಾನ? ಓ, ಎಲೆ ಹಾಕ್ಕೊಂಡಿದೀರಾ.”

“ಹಾಕ್ಕೊಳ್ಳೋದು ಅಂದ್ರೆ? ಅದು ಪದಕ ಅಲ್ವಾ?”

“ಅಯ್ಯೋ, ಪದಕ ಅಲ್ಲ ಆಂಟಿ. ಸಹಾಯ ಅಂತ ಒಂದಿರುತ್ತೆ. ಆನ್ ಮಾಡಿದ್ರೆ ಗುಂಡು ಅರ್ಧ ವೇಗಕ್ಕೆ ಬರುತ್ತೆ, ಪೆಟ್ಟೂ ಅರ್ಧವೇ. ಅದರ ಗುರುತು ಈ ಎಲೆ. ತಾನಾಗಿ ಬರೋದಲ್ಲ, ಯಾರಾದ್ರೂ ಒಳಗೆ ಹೋಗಿ ಹಾಕಬೇಕು. ನೀವು ಹಾಕಿಲ್ವಾ?”

ನಾನು ಹಾಕಿಲ್ಲ. ಈ ಮನೆಯಲ್ಲಿ ಆ ಯಂತ್ರ ಮುಟ್ಟಿದ್ದು ನಾನು ಬಿಟ್ಟರೆ ನೀನೊಬ್ಬಳೇ. ನಾನು ಹಾಲು ತರಲು ಹೋದ ಹೊತ್ತಿನಲ್ಲಿ ಅಲ್ಲವೇ?

ಅದನ್ನು ಬೇಕಾದರೆ ಕ್ಷಮಿಸಬಹುದಿತ್ತು. ಆದರೆ ನಾನು ಕಾಗದ ಬರೆದು ಕೇಳಿದೆ. ಇದೇನು ಎಲೆ ಎಂದು ಕೇಳಿದೆ. ಚೆನ್ನಾಗಿ ಆಡುವವರಿಗೆ ಬರುತ್ತದೆ ಎಂದು ಬರೆದೆಯಲ್ಲ, ಪೆನ್ನು ಹಿಡಿದು, ಯೋಚಿಸಿ, ಹತ್ತು ದಿನ ತಡಮಾಡಿ! ನನ್ನ ಕಿವಿಗೆ ಹೂವಿಟ್ಟು, ಅದು ಚೆನ್ನಾಗಿ ಕಾಣುತ್ತದೆ ಎಂದೂ ಹೇಳಿದೆ. ನನ್ನ ಗುರುಗಳ ಮಾತನ್ನು ನಿನಗೆ ಬರೆದಿದ್ದೆ. ಅದನ್ನು ಓದಿದಾಗಲಾದರೂ ನಿನಗೆ ಏನೂ ಅನಿಸಲಿಲ್ಲವೇ?

ಬ್ಯಾಟರಿಯವನ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅವನು ಹೊರಗಿನವನು. ನೀನು ಅವನ ಚಿಮಟ ಕಿತ್ತು ಎಸೆಯುತ್ತೇನೆ ಎಂದವಳು.

ಮೇಡಂನ ಮನೆಗೆ ನಾನೇ ಹೋಗಿ ವಾಚು ಕೊಟ್ಟು, ಹಾಳು ಮಾಡಿದೆ ಎಂದು ಹೇಳಿ ಬಂದೆ. ಅವರು ವಾಚನ್ನು ಕಿವಿಗೆ ಹಿಡಿದು ನೋಡಿದರು, ಆಮೇಲೆ ಸೆರಗಿನಲ್ಲಿ ಸುತ್ತಿಕೊಂಡರು. ಅದನ್ನು ನೋಡಲು ನೀನು ಅಲ್ಲಿರಬೇಕಿತ್ತು.

ಅಕ್ಕ


ಜೂನ್ ೯

ಅಕ್ಕಾ,

ತಪ್ಪಾಯಿತು. ಸುತ್ತಿಬಳಸಿ ಹೇಳುವುದಿಲ್ಲ. ನಾನೇ ಹಾಕಿದೆ, ನಾನೇ ಸುಳ್ಳು ಬರೆದೆ.

ಆ ದಿನ ನೀನು ನನ್ನೆದುರು ಆಡುತ್ತಿದ್ದಾಗ ಹೆಬ್ಬೆರಳು ಸಿಕ್ಕಿಕೊಂಡಿತು. ನೀನು ಕಂಟ್ರೋಲರ್ ಕೆಳಗಿಟ್ಟು “ನನ್ನ ಕಥೆ ಮುಗೀತು ಕಣೇ” ಎಂದೆ. ತಕ್ಷಣ ನಕ್ಕು, ಹಾಲು ತರುತ್ತೇನೆ ಎಂದು ಹೊರಟೆ. ಆ ನಗು ನನ್ನಿಂದ ನೋಡಲಾಗಲಿಲ್ಲ. ಒಂದು ನಿಮಿಷದ ಕೆಲಸ, ಹಾಕಿಬಿಟ್ಟೆ. ಒಂದು ವಾರ ಸ್ವಲ್ಪ ಧೈರ್ಯ ಬರಲಿ, ಆಮೇಲೆ ಹೇಳಿ ತೆಗೆಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಅಷ್ಟು ಖುಷಿಯ ಕಾಗದ ನೀನು ನನಗೆ ಯಾವತ್ತೂ ಬರೆದಿರಲಿಲ್ಲ ಅಕ್ಕಾ. ಹತ್ತು ದಿನ ಇಟ್ಟುಕೊಂಡು ಓದಿದೆ. ಹೇಳಲು ಬಾಯಿ ಬರಲಿಲ್ಲ.

ಇನ್ನೊಂದು ಸಮಾಧಾನವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ತಿಂಗಳಿನ ಕಾಗದದಲ್ಲಿ ನಿನ್ನ ಸಾಲುಗಳು ಕೆಳಕ್ಕೆ ಜಾರುತ್ತಿದ್ದವು, ದೀರ್ಘಗಳೆಲ್ಲ ಮುರಿದಿದ್ದವು. ಏಪ್ರಿಲ್‌ನಲ್ಲಿ ಸ್ವಲ್ಪ ನೆಟ್ಟಗಾದವು. ಮೇ ತಿಂಗಳ ಕಾಗದ ಮೊದಲಿನ ನಿನ್ನ ಅಕ್ಷರದಂತೆಯೇ ಇತ್ತು. ಪ್ರತಿ ಸಲ ಕಾಗದ ಬಂದಾಗ ಓದುವ ಮೊದಲು ಬೆಳಕಿಗೆ ಹಿಡಿದು ಅಕ್ಷರವನ್ನೇ ನೋಡುತ್ತಿದ್ದೆ. ಕೈ ಸುಧಾರಿಸುತ್ತಿದೆ, ಎಲೆಯಿದ್ದರೇನು ಇಲ್ಲದಿದ್ದರೇನು ಎಂದು ನನಗೆ ನಾನೇ ಹೇಳಿಕೊಂಡೆ. ವಾಚಿನ ತನಕ ಹೋಗುತ್ತದೆ ಎಂದು ಎಣಿಸಿರಲಿಲ್ಲ.

ಆ ಮೇಡಂಗೆ ನಾನು ಬಂದು ಹೇಳುತ್ತೇನೆ, ತಪ್ಪು ನನ್ನದು ಎಂದು. ನೀನು ಬಾ ಎಂದರೆ ನಾಳೆಯೇ ಹೊರಡುತ್ತೇನೆ.

ನಿನ್ನ,
ಗಡಿಬಿಡಿ


ಜೂನ್ ೨೪

ಅಕ್ಕಾ,

ಉತ್ತರ ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಬೈಯುವುದಾದರೆ ಎರಡು ಪುಟ ಬೈದು ಬರಿ. ಅಂಚೆಯವರು ಬರುವ ಹೊತ್ತಿಗೆ ಯಂತ್ರಗಳನ್ನೆಲ್ಲ ಆರಿಸಿ ಬಾಗಿಲಲ್ಲಿ ನಿಲ್ಲುತ್ತೇನೆ. ಗಿರಾಕಿಗಳು ಅಂಗಡಿ ಮುಚ್ಚಿದೆ ಎಂದು ತಿರುಗಿ ಹೋಗುತ್ತಿದ್ದಾರೆ.

ಜುಲೈ ಒಂದು ಹತ್ತಿರ ಬಂತು. ಹೋಗುತ್ತೀಯಾ? ಅಷ್ಟಾದರೂ ಹೇಳು.

ಗಡಿಬಿಡಿ


ಜುಲೈ ೬

ತಂಗಿಗೆ,

ಜುಲೈ ಒಂದಕ್ಕೆ ಹೋಗಿದ್ದೆ. ಯಜಮಾನರು ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಎರಡು ವಾಚು ಬಿಚ್ಚಿ ಜೋಡಿಸಿದೆ. ಮೊದಲನೆಯದು ಓಡಲಿಲ್ಲ. ಎರಡನೆಯದು ಓಡಿತು, ಆದರೆ ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಅವರು ಕನ್ನಡಕ ತೆಗೆದು, “ಕೈಗಡಿಯಾರ ಇನ್ನು ನಿಮ್ಮಿಂದ ಆಗಲ್ಲ. ಗೋಡೆ ಗಡಿಯಾರ, ಟೇಬಲ್ ಗಡಿಯಾರ ನೋಡ್ಕೊಳ್ಳಿ. ಬೆಂಚು ಬೇರೆಯವರಿಗೆ ಕೊಡ್ತೀನಿ” ಎಂದರು. ನನ್ನ ಕಣ್ಣು ನೋಡಿಕೊಂಡೇ ಹೇಳಿದರು. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟಿದ್ದಾರೆ. ದುಃಖವಾಯಿತು. ಅವಮಾನವಾಗಲಿಲ್ಲ.

ಎಲೆ ತೆಗೆಸಿದೆ. ಒಂದು ತಿಂಗಳಿನಿಂದ ಎಲೆಯಿಲ್ಲದೆ ಆಡುತ್ತಿದ್ದೇನೆ. ಗೂಬೆಯನ್ನು ಒಂದೇ ಒಂದು ಸಲ ಹೊಡೆದೆ, ಅದರಾಚೆ ಹೋಗಿಲ್ಲ. ಮೂರನೆಯ ಮಹಡಿ. ಅಷ್ಟು ನನ್ನದು. ಈಗಲೂ ಆಡುವಾಗ ನಗು ಬರುತ್ತದೆ, ಅದನ್ನೇಕೆ ಮುಚ್ಚಿಡಲಿ. ಆದರೆ ಗಂಟೆ ಒಡೆದ ಆ ದಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆನಲ್ಲ, ಆ ಹತ್ತು ನಿಮಿಷವನ್ನು ಹುಡುಕುತ್ತೇನೆ, ಸಿಗುವುದಿಲ್ಲ. ನೆನೆದರೆ ಈಗ ನಾಚಿಕೆಯಾಗುತ್ತದೆ. ನನ್ನ ಇಡೀ ವರ್ಷದಲ್ಲಿ ಅದೊಂದೇ ಒಳ್ಳೆಯ ದಿನವಿತ್ತು. ನೀನೇ ಕೊಟ್ಟೆ, ನೀನೇ ಕಿತ್ತುಕೊಂಡೆ.

ನಿನ್ನ ಕಾಗದವನ್ನು ತುಂಬಾ ಸಲ ಓದಿದೆ. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುವುದಿಲ್ಲ. ಬ್ಯಾಟರಿಯವನಿಗೂ ಇತ್ತು. ನನಗೆ ಚುಚ್ಚಿದ್ದು ಆ ಅಕ್ಷರದ ಮಾತು. ನಾನು ಏನು ಬರೆದೆ ಎಂದು ನೋಡುವ ಮೊದಲು ಕೈ ಎಷ್ಟು ನಡುಗಿದೆ ಎಂದು ನೋಡಿದೆಯಂತೆ. ನಾನು ಮುಚ್ಚಿ ಕಳಿಸಿದ್ದನ್ನು ನೀನೂ ಬಿಚ್ಚಿ ಪರೀಕ್ಷೆ ಮಾಡುತ್ತಿದ್ದೆ. ನಾನು ಯಾವ ಮಾತು ತಡೆದುಕೊಳ್ಳಬಲ್ಲೆ, ಯಾವುದನ್ನು ತಡೆದುಕೊಳ್ಳಲಾರೆ ಎಂದು ಅದನ್ನು ನೋಡಿ ನಿರ್ಧಾರ ಮಾಡುತ್ತಿದ್ದೆ.

ಈ ಅಕ್ಷರ ನನ್ನದಲ್ಲ ಎಂದು ನಿನಗೆ ಈಗಾಗಲೇ ಗೊತ್ತಾಗಿರಬೇಕು. ನಾನು ಹೇಳುತ್ತಿದ್ದೇನೆ, ಮೇಲಿನ ಮನೆಯ ನರ್ಸ್ ಬರೆದುಕೊಳ್ಳುತ್ತಿದ್ದಾಳೆ. ಇನ್ನು ಮುಂದೆ ಹೀಗೆಯೇ ಬರುತ್ತದೆ. ನನ್ನ ಕೈ ಹೇಗಿದೆ ಎಂದು ನಿನಗೆ ತಿಳಿಯಬೇಕಾದರೆ ನಾನು ಹೇಳಿದ್ದನ್ನು ನಂಬಬೇಕು. ನಂಬುವುದು ಎಷ್ಟು ಕಷ್ಟ ಎಂದು ನಿನಗೂ ಸ್ವಲ್ಪ ಗೊತ್ತಾಗಲಿ.

ನೀನು ಬರುವುದು ಬೇಡ. ಮೇಡಂಗೆ ನೀನು ಏನೂ ಹೇಳುವುದೂ ಬೇಡ.

“ಸಹಿಯಾದ್ರೂ ನೀವೇ ಹಾಕಿ ಆಂಟಿ, ಅವರಿಗೆ ಅಷ್ಟಾದ್ರೂ ಸಿಗಲಿ” ಎನ್ನುತ್ತಿದ್ದಾಳೆ ಇವಳು. ಬೇಡ, ಅದನ್ನೂ ನೀನೇ ಬರಿ ಎಂದಿದ್ದೇನೆ.

ಇಂತಿ,
ನಿನ್ನ ಅಕ್ಕ